ಪೇಟೆಯವರ ನಡಿಗೆ ಬಳಗದಲ್ಲಿ ರೈತನಿಗೇನು ಕೆಲಸ?

"ಹೊಲದಲ್ಲಿ ದಿನಾ ನಡೆಯೋರಿಗೆ ಬೇರೆ ವಾಕಿಂಗ್ ಯಾತಕ್ಕೆ?" ನಡಿಗೆ ಬಳಗದ ಜತೆ ಹೋಗ್ತೀನಿ ಅಂದರೆ ನಮ್ಮೂರಲ್ಲಿ ಹತ್ತರಲ್ಲಿ ಒಂಬತ್ತು ಜನ ಕೇಳುವ ಮಾತು ಇದು. ಕೇಳೋದ್ರಲ್ಲಿ ತಪ್ಪೇನಿಲ್ಲ. ಉತ್ತರ ಮಾತ್ರ ಸ್ವಲ್ಪ ಉದ್ದ ಇದೆ. ಜಗಲಿ ಮೇಲೆ ನಿಂತು ಹೇಳಿ ಮುಗಿಸುವಷ್ಟಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನನ್ನದು ತುಮಕೂರು ಜಿಲ್ಲೆ. ದೇವರಾಯನದುರ್ಗ ಬೆಟ್ಟದ ಬಡಗಲ ಮಗ್ಗುಲಿಗೆ ನಾಲ್ಕು ಎಕರೆ ಖುಷ್ಕಿ. ರಾಗಿ, ಅದರ ಅಕ್ಕಡಿಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಎಕರೆಗೆ ಕಡ್ಲೆಕಾಯಿ. ಬದುವಿನ ಮೇಲೆ ಹುಣಸೆ, ಹೊಂಗೆ. ಓದಿದ್ದು ಏಳನೇ ಕ್ಲಾಸು. 2019ರಿಂದ ತುಮಕೂರಿನ ಒಂದು ನಡಿಗೆ ಬಳಗದ ಜತೆ ತಿಂಗಳಿಗೊಂದು ಭಾನುವಾರ ನಡೆಯುತ್ತಿದ್ದೇನೆ. ಕೊರೋನಾ ಕಾಲದಲ್ಲಿ ನಿಂತಿತ್ತು, ಬಿಟ್ಟರೆ ತಪ್ಪಿಸಿದ್ದು ಕಡಿಮೆ. ಕುಯ್ಲು, ಒಕ್ಕಣೆ ಇದ್ದ ತಿಂಗಳು ಮಾತ್ರ ಹೋಗೋದಿಲ್ಲ.

ನಡಿಗೆ ಬಳಗ ಅಂದರೆ ಏನು?

20-30 ಜನ ಸೇರುತ್ತಾರೆ. ರಿಟೈರ್ ಆದ ಮೇಷ್ಟ್ರು, ಬ್ಯಾಂಕಿನವರು, ಅಂಗಡಿಯವರು, ನರ್ಸಮ್ಮ, ಕಾಲೇಜು ಹುಡುಗರು, ಹೆಂಗಸರು, ಎಲ್ಲ ಇರುತ್ತಾರೆ. ಬೆಳಿಗ್ಗೆ ಬಸ್ಸಿಳಿದು ಹಳ್ಳಿಯ ಹಾದಿ, ಕೆರೆ ಏರಿ, ಬೆಟ್ಟದ ಬುಡ ಹಿಡಿದು 8ರಿಂದ 12 ಕಿಲೋಮೀಟರ್ ನಡೆಯುತ್ತಾರೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು, ಬಸ್ಸು ಹಿಡಿದು ವಾಪಸ್. ಇದು ಪಂದ್ಯ ಅಲ್ಲ, ಯಾರು ಮುಂದೆ ಬಂದರು ಅಂತ ಲೆಕ್ಕ ಇಲ್ಲ. ನಮಗೆ ಗೊತ್ತಿರುವ ಪಾದಯಾತ್ರೆಯೂ ಅಲ್ಲ. ಪಾದಯಾತ್ರೆಯಲ್ಲಿ ದೇವರ ದರ್ಶನ ಆದರೆ ಬಂದ ಕೆಲಸ ಆಯ್ತು. ಇಲ್ಲಿ ದಾರಿ ನೋಡೋದೇ ಕೆಲಸ.

ಈ ಪದ್ಧತಿ ಬೆಳೆದದ್ದು ಇಂಗ್ಲೆಂಡಿನಲ್ಲಿ ಅಂತ ಬಳಗದ ಹಿರಿಯರು ಹೇಳುತ್ತಾರೆ. ಅಲ್ಲಿ ಮಿಲ್ಲು, ಕಾರ್ಖಾನೆ ಕೂಲಿಯವರು ಭಾನುವಾರ ಹೊಗೆಯಿಂದ ಹೊರಗೆ ಹೋಗೋಣ ಅಂದರೆ ಗುಡ್ಡಗಳೆಲ್ಲ ದೊಡ್ಡ ಜಮೀನುದಾರರ ಬೇಟೆಯ ಜಾಗ. ಕಾಲಿಡಂಗಿಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಹತ್ತಿರದ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ನೂರಾರು ಜನ ಒಟ್ಟಾಗಿ ಹತ್ತಿಬಿಟ್ಟರು. ಕಾವಲುಗಾರರ ಜತೆ ಕೈ ಕೈ ಮಿಲಾಯಿಸಿತು, ಐದು ಜನ ಜೈಲಿಗೂ ಹೋದರು. ಆಮೇಲೆ 1949ರಲ್ಲಿ ಅಲ್ಲಿ ಕಾಯ್ದೆ ಬಂತು. ಜನ ಓಡಾಡುವ ಕಾಲುದಾರಿಗಳನ್ನು ನಕಾಶೆಯಲ್ಲಿ ಬರೆದಿಡಬೇಕು ಅಂತ ಆಯಿತು. ನಮ್ಮ ದೇಶದಲ್ಲೂ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ 1949ರಿಂದ ಇದೆ. ಇವತ್ತು ಸುಮಾರು ಊರುಗಳಲ್ಲಿ ಸಣ್ಣ ಸಣ್ಣ ಬಳಗಗಳಿವೆ. ಇಂಗ್ಲೆಂಡಿನ ಕಥೆ ಯಾಕೆ ಹೇಳಿದೆ ಅಂದರೆ, ದಾರಿಯ ಜಗಳ ನಮಗೂ ಇದೆ. ಅದಕ್ಕೆ ಮುಂದೆ ಬರುತ್ತೇನೆ.

ಬೆಟ್ಟದ ಮೇಲಿಂದ ಹೊಲ ನೋಡಬೇಕು

ನಾವು ಹೊಲದಲ್ಲಿ ನಡೆಯೋದು ನಿಜ. ಆದರೆ ನಮ್ಮ ಹೊಲದಲ್ಲೇ ನಡೆಯುತ್ತೇವೆ. ನೇಗಿಲ ಸಾಲು ನೋಡುತ್ತೇವೆ, ತಲೆ ಎತ್ತಿ ಗುಡ್ಡ ನೋಡೋದಿಲ್ಲ. ಬಳಗದ ಜತೆ ದುರ್ಗದ ನೆತ್ತಿಗೆ ಹೋದಾಗ ಅಲ್ಲಿ ನಿಂತು ಒಬ್ಬ ಮೇಷ್ಟ್ರು ತೋರಿಸಿಕೊಟ್ಟರು: ಈ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ಪಾಲಾಗುತ್ತದೆ. ನಮ್ಮ ಮಗ್ಗುಲಿಗೆ ಇಳಿದದ್ದು ಜಯಮಂಗಲಿ ಹೊಳೆಯಾಗಿ ಕೊರಟಗೆರೆ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರಿ ಆಂಧ್ರಕ್ಕೆ ಹೋಗುತ್ತದೆ. ಆಚೆ ಮಗ್ಗುಲಿಗೆ ಇಳಿದದ್ದು ಶಿಂಷಾ ಹೊಳೆಯಾಗಿ, ಮಾರ್ಕೋನಹಳ್ಳಿ ಅಣೆಕಟ್ಟೆ ತುಂಬಿಸಿ, ಕಾವೇರಿಗೆ ಸೇರುತ್ತದೆ. ಒಂದೇ ಬಂಡೆ ಮೇಲೆ ಬಿದ್ದ ಹನಿ, ಒಂದು ಗೇಣು ಆಚೀಚೆಯಾದರೆ ಸಮುದ್ರ ಸೇರುವ ಜಾಗ ನೂರಾರು ಮೈಲಿ ಬೇರೆ.

ಕೇಳಲು ಚೆಂದ, ರೈತನಿಗೇನು ಉಪಯೋಗ ಅನ್ನಬಹುದು. ಉಪಯೋಗ ಇದೆ. ಮೇಲಿಂದ ನೋಡಿದರೆ ಯಾವ ಕೊರಕಲು ಯಾವ ಹೊಲದ ತಲೆಗೆ ಬಂದು ಬೀಳುತ್ತದೆ ಅನ್ನೋದು ಅಂಗೈ ರೇಖೆ ಹಾಗೆ ಕಾಣುತ್ತದೆ. ನನ್ನ ಹೊಲಕ್ಕೆ ಮೂರು ಕೊರಕಲುಗಳ ನೀರು ಬರುತ್ತದೆ, ಅದರಲ್ಲಿ ಮಣ್ಣು ತರುವುದು ಪಡುವಲ ಕಡೆಯದು ಅಂತ ಗೊತ್ತಾದದ್ದು ಹಾಗೆ. ಕೃಷಿ ಹೊಂಡ ತೋಡಿಸುವ ಮೊದಲು ಆ ಕೊರಕಲಿಗೆ ಮೇಲಿಂದ ಕೆಳಕ್ಕೆ ಐದು ಕಡೆ ಕಾಡುಗಲ್ಲಿನ ಒಡ್ಡು ಇಟ್ಟೆವು. ನೆರೆಯ ಇಬ್ಬರು ರೈತರೂ ಕೈ ಹಾಕಿದರು. ಈಗ ಹೊಂಡಕ್ಕೆ ಬರುವ ನೀರಿನಲ್ಲಿ ಹೂಳು ಕಡಿಮೆ. ಮಣ್ಣು ಒಡ್ಡಿನ ಹಿಂದೆಯೇ ನಿಲ್ಲುತ್ತದೆ.

ಮೇಲಿಂದ ಕೆಳಕ್ಕೆ ಕೆಲಸ ಮಾಡಿಕೊಂಡು ಬರಬೇಕು ಅಂತ ಜಲಾನಯನದವರು ಹೇಳುವುದೂ ಇದನ್ನೇ. ಕೂತು ಕೇಳಿದಾಗ ತಲೆಗೆ ಹೋಗೋದು ಕಷ್ಟ. ಕಾಲಲ್ಲಿ ನಡೆದಾಗ ತಾನಾಗೇ ತಿಳಿಯುತ್ತದೆ.

ಬೇರೆಯವರ ಹೊಲದ ಪಾಠ

ಎರಡನೇ ಲಾಭ, ಬೇರೆ ಊರಿನ ಹೊಲ ನೋಡೋದು. ನೆಂಟರ ಮನೆಗೆ ಹೋದರೆ ನಾವು ಹಜಾರದಲ್ಲಿ ಕೂತು ಕಾಫಿ ಕುಡಿದು ಬರುತ್ತೇವೆ. ಹೊಲ ನೋಡೋದು ಅಪರೂಪ. ಬಳಗದಲ್ಲಿ ಹಾದಿಯೆಲ್ಲ ಹೊಲ. ಒಂದು ಊರಲ್ಲಿ ಒಬ್ಬ ರೈತರು ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಮಾಡಿದ್ದರು. ಗೆರೆ ಎಳೆದು, ಗೆರೆ ಕೂಡುವ ಕಡೆ ಗುಳಿ ಮಾಡಿ, ಹಿಡಿ ಗೊಬ್ಬರ ಹಾಕಿ, ಎರಡು ಪೈರು ನೆಡುವುದು. ಪೈರು ಕಚ್ಚಿಕೊಂಡ ಮೇಲೆ ಅದರ ಮೇಲೆ ಕೊರಡು ಎಳೆಯುವುದು. ಪೈರು ಬಾಗಿ ಬುಡದಲ್ಲಿ ತೆಂಡೆ ಜಾಸ್ತಿ ಒಡೆಯುತ್ತದೆ. ಮುಂದಿನ ವರ್ಷ ಅರ್ಧ ಎಕರೆಯಲ್ಲಿ ಮಾಡಿ ನೋಡಿದೆ. ಬೀಜ ತೀರಾ ಕಮ್ಮಿ ಹಿಡಿಯಿತು, ತೆಂಡೆಯೂ ಚೆನ್ನಾಗಿ ಬಂತು. ಆದರೆ ನಾಟಿಗೆ ಆಳು ಬೇಕು. ಮನೆಮಂದಿ ಇದ್ದರೆ ಸೈ, ಕೂಲಿ ಕೊಟ್ಟು ಮಾಡುವವರು ಲೆಕ್ಕ ಹಾಕಿಕೊಂಡು ಮಾಡಿ.

ಮೂರನೇದು ಮೈ. ಟ್ರ್ಯಾಕ್ಟರ್ ಬಂದ ಮೇಲೆ ನಾವೂ ಮೊದಲಿನಷ್ಟು ನಡೆಯುತ್ತಿಲ್ಲ. ಹೊಲಕ್ಕೆ ಹೋಗೋದೂ ಬೈಕಲ್ಲಿ. ಸಕ್ಕರೆ ಕಾಯಿಲೆ, ಬಿ.ಪಿ. ಹಳ್ಳಿಗೂ ಬಂದಿದೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವಂಥ ಕೆಲಸ ಮೈಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಕಳೆ, ಕುಯ್ಲಿನ ಕಾಲದಲ್ಲಿ ನಮಗೆ ಅದು ಲೆಕ್ಕಕ್ಕೇ ಇಲ್ಲ. ಒಕ್ಕಣೆ ಮುಗಿದ ಮೇಲೆ ಮುಂಗಾರಿನ ತನಕ ಖುಷ್ಕಿ ರೈತ ಸುಮ್ಮನೆ ಕೂರುತ್ತಾನಲ್ಲ, ಆ ನಾಲ್ಕು ತಿಂಗಳು ಯೋಚನೆ ಮಾಡಬೇಕಾದ್ದು. ತಿಂಗಳಿಗೊಂದು ನಡಿಗೆಯಿಂದ ಕಾಯಿಲೆ ಓಡಿಹೋಗೋದಿಲ್ಲ. ಆದರೆ ತಿಂಗಳಿಗೊಮ್ಮೆ 10 ಕಿಲೋಮೀಟರ್ ನಡೆಯಬೇಕು ಅಂತ ಇದ್ದರೆ ಉಳಿದ ದಿನವೂ ಕಾಲು ಆಡಿಸುತ್ತೇವೆ.

ನಾಲ್ಕನೇದು ವ್ಯಾಪಾರ. ಹೊಲ ನೋಡಿದವರು ಆ ಹೊಲದ ಕಾಳು ಕೊಳ್ಳಲು ಚೌಕಾಸಿ ಮಾಡೋದಿಲ್ಲ. ಹೋದ ವರ್ಷ 60 ಕೆ.ಜಿ. ಹುಣಸೆಹಣ್ಣು, ಎರಡು ಮೂಟೆ ರಾಗಿ ಬಳಗದವರೇ ಹಂಚಿಕೊಂಡರು. ಸಂತೆಯಲ್ಲಿ ಸಿಗುವ ರೇಟಿಗಿಂತ ನನಗೂ ಹೆಚ್ಚು, ಅಂಗಡಿಯ ರೇಟಿಗಿಂತ ಅವರಿಗೂ ಕಮ್ಮಿ.

ದಾರಿಯ ವಿಷಯ

ಎಲ್ಲಕ್ಕಿಂತ ಮುಖ್ಯ ಇದು. ನಮ್ಮೂರಿಂದ ಬೆಟ್ಟದ ಬುಡಕ್ಕೆ ಒಂದು ಬಂಡಿದಾರಿ. ಅದರಾಚೆ 11 ಮನೆಯವರ ಹೊಲ. 2021ರಲ್ಲಿ ದಾರಿ ಪಕ್ಕದ ಜಮೀನು ಕೊಂಡ ಹೊರಗಿನವರು ಕಲ್ಲುಕಂಬ ನೆಟ್ಟು, ದಾರಿಯನ್ನೂ ಒಳಗೆ ಹಾಕಿಕೊಂಡು ತಂತಿ ಬಿಗಿದರು. ಗೊಬ್ಬರದ ಗಾಡಿ ಎರಡು ಕಿಲೋಮೀಟರ್ ಸುತ್ತು ಹಾಕಬೇಕಾಯಿತು. ಇಬ್ಬರು ಆ ವರ್ಷ ಬಿತ್ತಲೇ ಇಲ್ಲ. "ಯಾರೂ ಓಡಾಡದ ದಾರಿ" ಅನ್ನೋದು ಅವರ ವಾದ.

ಆಗ ಬಳಗದಲ್ಲಿದ್ದ ರಿಟೈರ್ಡ್ ಸರ್ವೇಯರ್ ಒಬ್ಬರು ದಾರಿಗಳಲ್ಲಿ ಮೂರು ಬಗೆ ಅಂತ ಬಿಡಿಸಿ ಹೇಳಿದರು. ಪ್ರತಿ ರೈತನೂ ತಿಳಿದಿರಬೇಕಾದ್ದು ಅಂತ ಇಲ್ಲಿ ಬರೆಯುತ್ತೇನೆ.

ಒಂದು, ನಕಾಶೆ ದಾರಿ. ಪ್ರತಿ ಊರಿಗೂ ಗ್ರಾಮ ನಕಾಶೆ ಇದೆ. ಅದರಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಈ ದಾರಿ ಯಾರ ಜಮೀನಿನಲ್ಲಿ ಹಾದರೂ ಮುಚ್ಚುವಂತಿಲ್ಲ. ನಕಾಶೆಯನ್ನು ಸರ್ವೆ ಆಫೀಸಿನಲ್ಲಿ ಪಡೆಯಬಹುದು, ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲೂ ಸಿಗುತ್ತದೆ. ನಿಂತ ಜಾಗ ಯಾವ ಸರ್ವೆ ನಂಬರು ಅಂತ ನೋಡಲು ದಿಶಾಂಕ್ ಎಂಬ ಆ್ಯಪ್ ಇದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ತೋರಿಸುತ್ತಾರೆ.

ಎರಡು, ರೂಢಿ ದಾರಿ. ನಕಾಶೆಯಲ್ಲಿ ಇಲ್ಲ, ಆದರೆ ತಾತನ ಕಾಲದಿಂದ ಆ ಹೊಲದ ಮೇಲೇ ನಮ್ಮ ಹೊಲಕ್ಕೆ ಹೋಗುತ್ತಿದ್ದೇವೆ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ 20 ವರ್ಷ ಯಾರ ಅಡ್ಡಿಯೂ ಇಲ್ಲದೆ, ಕದ್ದು ಮುಚ್ಚಿ ಅಲ್ಲದೆ, ನಮ್ಮ ಹಕ್ಕು ಅಂತಲೇ ಓಡಾಡಿದ್ದರೆ ಹಕ್ಕು ಕೇಳಬಹುದು. ಆದರೆ ಅದನ್ನು ಸಾಕ್ಷಿ ಸಮೇತ ಕೋರ್ಟಿನಲ್ಲಿ ತೋರಿಸಬೇಕು. ಖರ್ಚಿನ ದಾರಿ.

ಮೂರು, ಒಪ್ಪಿಗೆ ದಾರಿ. ಹೊಲದವನು "ಹೋಗಪ್ಪ" ಅಂದ, ನಾವು ಹೋದೆವು. ಇದರಿಂದ ಹಕ್ಕು ಹುಟ್ಟೋದಿಲ್ಲ. ಇದು ನಮ್ಮಂಥ ಸಣ್ಣ ರೈತರಿಗೆ ಧೈರ್ಯದ ಮಾತು. ಬಳಗದವರು ಕೇಳಿಕೊಂಡು ಬದುವಿನ ಮೇಲೆ ನಡೆದರೆ ನಾಳೆ "ಇದು ನಮ್ಮ ದಾರಿ" ಅನ್ನಲಾಗೋದಿಲ್ಲ. ಹೆದರಿಕೆ ಬೇಡ.

ನಮ್ಮ ಬಂಡಿದಾರಿ ನಕಾಶೆಯಲ್ಲಿ ಇತ್ತು. ಜೋಡಿ ಚುಕ್ಕೆ ಗೆರೆ ಸ್ಪಷ್ಟ. ಬಳಗದವರು 2019 ಮತ್ತು 2020ರಲ್ಲಿ ಆ ದಾರಿಯಲ್ಲಿ ನಡೆದ ಫೋಟೋಗಳಿದ್ದವು, ತಾರೀಖು ಸಮೇತ. ಒಂದು ಫೋಟೋದಲ್ಲಿ ಹಿಂದೆ ಗೊಬ್ಬರದ ಗಾಡಿಯೂ ಇತ್ತು. "ಯಾರೂ ಓಡಾಡದ ದಾರಿ" ಎಂಬ ಮಾತು ಅಲ್ಲಿಗೆ ನಿಂತಿತು. 11 ಮನೆಯವರು ಸಹಿ ಹಾಕಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟೆವು. ಓಡಾಟ ಸುಮಾರಾಯಿತು. 2023ರಲ್ಲಿ ಹೊಲಗಳಿಗೆ ಹೋಗುವ ದಾರಿಯ ಅಡ್ಡಿ ತೆಗೆಸಬೇಕು ಅಂತ ಸರ್ಕಾರ ತಹಶೀಲ್ದಾರರಿಗೆ ಸುತ್ತೋಲೆ ಕಳಿಸಿದ ಮೇಲೆ ಅರ್ಜಿಗೆ ಕಾಲು ಬಂತು. ಸರ್ವೆ ಆಯಿತು. 2024ರ ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಕಂಬ ಹಿಂದೆ ಸರಿಯಿತು. ಬಿತ್ತದೆ ಬಿಟ್ಟಿದ್ದ ಇಬ್ಬರೂ ಆ ಮುಂಗಾರಿಗೆ ಬಿತ್ತಿದರು. ಹಳ್ಳದ ಕಡೆಯ ಇನ್ನೊಂದು ಕಾಲುದಾರಿ ನಕಾಶೆಯಲ್ಲಿ ಇಲ್ಲ. ಅದು ಇನ್ನೂ ಮುಚ್ಚಿಯೇ ಇದೆ.

ದಾರಿ ಉಳಿಯೋದು ಕಾಗದದಿಂದ ಅರ್ಧ, ಕಾಲಿನಿಂದ ಅರ್ಧ. ಕಾಲು ಆಡದ ದಾರಿಗೆ ಮೊದಲು ಜಾಲಿ ಬರುತ್ತದೆ, ಆಮೇಲೆ ತಂತಿ ಬರುತ್ತದೆ.

ಸೇರುವುದು ಹೇಗೆ, ಏನು ಒಯ್ಯಬೇಕು?

ತಾಲ್ಲೂಕು, ಜಿಲ್ಲಾ ಕೇಂದ್ರದಲ್ಲಿ ವಿಚಾರಿಸಿ. ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವವರು, ಹೈಸ್ಕೂಲು ಮೇಷ್ಟ್ರು, ಪುಸ್ತಕದ ಅಂಗಡಿಯವರಿಗೆ ಗೊತ್ತಿರುತ್ತದೆ. ನಮ್ಮ ಬಳಗಕ್ಕೆ ವರ್ಷಕ್ಕೆ 100 ರೂಪಾಯಿ. ಔಷಧಿ ಡಬ್ಬಿಗೆ, ಜೆರಾಕ್ಸಿಗೆ ಅದು. ಬಸ್ ಚಾರ್ಜು ಅವರವರದು. ವಾಟ್ಸಾಪಿನಲ್ಲಿ ತಾರೀಖು ಬರುತ್ತದೆ, ಇಲ್ಲದವರಿಗೆ ಫೋನ್ ಮಾಡುತ್ತಾರೆ. ಮೊದಲ ಸಲ ಹೋಗುವವರು ಸಣ್ಣ ನಡಿಗೆಗೆ ಹೋಗಿ. ಎದೆನೋವು, ಮಂಡಿನೋವು ಇದ್ದರೆ ಮುಂದಾಳಿಗೆ ಮೊದಲೇ ಹೇಳಿ.

ಎಷ್ಟು ಹೊತ್ತು ಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು ಹೇಳಿದ್ದು. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಜತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿಲೋಮೀಟರ್ ದಾರಿ, 300 ಮೀಟರ್ ಏರು ಇದ್ದರೆ ಎರಡೂವರೆ ಗಂಟೆ ಆಯಿತು. ಇದು ಗಟ್ಟಿಗರ ಲೆಕ್ಕ. ಗುಂಪಿನಲ್ಲಿ ವಯಸ್ಸಾದವರು, ಮಾತು, ನೀರು, ನೆರಳು ಎಲ್ಲ ಸೇರಿ ದುಪ್ಪಟ್ಟು ಇಟ್ಟುಕೊಳ್ಳಬೇಕು.

ಒಯ್ಯುವುದು ಇಷ್ಟು:

- ತಲೆಗೆ ಒಂಟಿ ಎರಡು ನೀರು. ಬೇಸಗೆಯಲ್ಲಿ ಮೂರು ಲೀಟರ್, ಉಳಿದಂತೆ ಎರಡು.
- ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನಡುವೆ ಬಾಯಾಡಲು ಹುರಿಗಡಲೆ ಅಥವಾ ಕಡ್ಲೆಕಾಯಿ ಬೀಜ, ಬೆಲ್ಲ.
- ಟವೆಲ್ಲು ಅಥವಾ ಟೋಪಿ, ಒಂದು ಊರುಗೋಲು.
- ಕಾಲಿಗೆ ಬೆರಳು ಮುಚ್ಚುವ ಕ್ಯಾನ್ವಾಸ್ ಶೂ. ಹೊಲದ ಎಕ್ಕಡ ಹಾದಿಗೆ ಸಾಕು, ಮರಳು ಬಿದ್ದ ಬಂಡೆ ಮೇಲೆ ಜಾರುತ್ತದೆ.
- ಪುಡಿ ಉಪ್ಪು, ಸಕ್ಕರೆ. ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಮಾಡಬಾರದು, ಸಮ ಇರಬೇಕು.

ಗುಂಪಿಗೆ ಮುಂದೆ ಒಬ್ಬ, ಕೊನೆಗೆ ಒಬ್ಬ ಗೊತ್ತಾದವರು ಇರಬೇಕು. ಕೊನೆಯವನ ಹಿಂದೆ ಯಾರೂ ಉಳಿಯಬಾರದು. ಕವಲುದಾರಿ ಬಂದ ಕಡೆ ಎಲ್ಲರೂ ಬರುವ ತನಕ ನಿಲ್ಲಬೇಕು. ಹೊರಡುವಾಗ, ಊಟಕ್ಕೆ, ಬಸ್ ಹತ್ತುವಾಗ ತಲೆ ಎಣಿಸಬೇಕು. ನಿಧಾನ ನಡೆಯುವವರದೇ ಗುಂಪಿನ ವೇಗ.

ಹೊಲದಲ್ಲಿ ಹಾಯುವಾಗ

ನಾನು ಬಳಗಕ್ಕೆ ಸೇರಿದ ಮೇಲೆ ಹೊಲದವರ ಪರವಾಗಿ ಕೆಲವು ನಿಯಮ ಹಾಕಿಸಿದೆ. ಎಲ್ಲರೂ ಒಪ್ಪಿಕೊಂಡರು.

ಹಿಂದಿನ ವಾರವೇ ಒಬ್ಬರು ಹೋಗಿ ಹೊಲದವರನ್ನು ಕೇಳಿ ಬರಬೇಕು. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು. ಅಕ್ಕಪಕ್ಕ ನಡೆದರೆ ಅಂಚಿನ ಎರಡು ಸಾಲು ಹೋಯಿತು. ತಡಿಕೆ, ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದು. ಕಣದೊಳಗೆ ಚಪ್ಪಲಿ ಬೇಡ. ನಾಯಿ ತರಬಾರದು, ಕುರಿಮಂದೆ ಬೆದರುತ್ತದೆ.

ಸೊಗಡಿನ ಅವರೆ ಕಾಲದಲ್ಲಿ ಪೇಟೆಯವರ ಕೈ ನಿಲ್ಲೋದಿಲ್ಲ. "ನಾಲ್ಕು ಕಾಯಿ ತಾನೇ" ಅನ್ನುತ್ತಾರೆ. 30 ಜನ ನಾಲ್ಕು ನಾಲ್ಕು ಕಿತ್ತರೆ 120 ಕಾಯಿ, ಒಂದು ಮನೆಯ ಸಾರು. ಕೇಳಿ ತಗೊಳ್ಳಲಿ, ದುಡ್ಡು ಕೊಟ್ಟು ತಗೊಳ್ಳಲಿ. ಪ್ಲಾಸ್ಟಿಕ್ ಒಂದು ತುಂಡೂ ಬಿಡಬಾರದು. ದನ ತಿಂದರೆ ಹೊಟ್ಟೆಯಲ್ಲಿ ಗಂಟಾಗುತ್ತದೆ.

ಬೆಂಕಿ ಅಂತೂ ಬೇಡವೇ ಬೇಡ. 2022ರ ಮಾರ್ಚಿಯಲ್ಲಿ ಬೇರೆ ಯಾವುದೋ ಗುಂಪಿನವರು ನಮ್ಮ ಗುಡ್ಡದ ಬುಡದಲ್ಲಿ ಟೀ ಕಾಸಿ ಕೆಂಡ ಬಿಟ್ಟು ಹೋದರು. ಎರಡು ದಿನ ಉರಿಯಿತು. ಹಸಿ ಸೊಪ್ಪು ಹಿಡಿದು ಬಡಿದು ಆರಿಸಿದವರು ನಾವು. ಬೇಸಗೆಯ ಹುಲ್ಲು ಹೋಯಿತು, ದನಕ್ಕೆ ಕೊಂಡು ಹಾಕಬೇಕಾಯಿತು. ಹುಲ್ಲು ಸುಟ್ಟ ಗುಡ್ಡದ ಮೇಲೆ ಮೊದಲ ಮಳೆ ಬಿದ್ದಾಗ ಮಣ್ಣು ನೇರ ಕೆರೆಗೆ ಇಳಿಯಿತು. ಒಂದು ಲೋಟ ಟೀಗೆ ಇಷ್ಟು ಬೆಲೆ.

ಜೋಪಾನ

ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡುವ ವ್ಯವಸ್ಥೆ ತಂತು. ಕಾಡಿನ ದಾರಿಗೆ ಹೋಗುವ ಬಳಗ ಚೀಟಿ ತಗೊಂಡೇ ಹೋಗಬೇಕು.

ನಮ್ಮ ಬೆಟ್ಟಗಳಲ್ಲಿ ಕರಡಿ, ಚಿರತೆ ಇವೆ. ಬೆಳಕು ಹರಿದ ಮೇಲೆ ಹೊರಡಿ, ಹೊತ್ತು ಮುಳುಗುವ ಮುಂಚೆ ಇಳಿಯಿರಿ. ಬಂಡೆಯಲ್ಲಿ ಹೆಜ್ಜೇನು ಇದ್ದರೆ ದೂರದಿಂದ ಸುತ್ತಿ ಹೋಗಿ. ಸೆಂಟು, ಬೀಡಿ, ಕೂಗಾಟ ಯಾವುದೂ ಬೇಡ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಮಾಡಬೇಡಿ. ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಗೆ ಬೇಗ ಮುಟ್ಟಿಸಿ. ಫಾಲ್ಗುಣದಿಂದ ವೈಶಾಖದ ತನಕ ಬೆಳಿಗ್ಗೆ 10ಕ್ಕೆ ನಡಿಗೆ ಮುಗಿಯಬೇಕು. ನಡೆಯಲು ಒಳ್ಳೆ ಕಾಲ ಅಂದರೆ ರಾಗಿ ಕುಯ್ಲಾದ ಮೇಲೆ ಶಿವರಾತ್ರಿ ತನಕ. ಆ ಕೊನೆಗೆ ಮುತ್ತುಗವೂ ಹೂವಾಗುತ್ತದೆ.

ನಿಮ್ಮೂರಲ್ಲೇ ಮಾಡಬಹುದು

ಪೇಟೆಯ ಬಳಗ ಸಿಗದಿದ್ದರೆ ಬೇಡ. ಐದು ಜನ ರೈತರು ಸೇರಿದರೆ ಸಾಕು. ಗ್ರಾಮ ನಕಾಶೆ ಕೈಯಲ್ಲಿ ಹಿಡಿದು ಊರಿನ ಎಲ್ಲೆ ಸುತ್ತಿ ಬನ್ನಿ. ಮೊದಲ ತಿಂಗಳು ಎತ್ತರದ ಕಡೆಯಿಂದ ಕೆರೆಯ ತನಕ, ಎರಡನೇ ತಿಂಗಳು ಬಂಡಿದಾರಿಗಳು, ಮೂರನೇ ತಿಂಗಳು ಗೋಮಾಳ, ಗುಂಡುತೋಪು. ಎಲ್ಲಿ ದಾರಿ ಮುಚ್ಚಿದೆ, ಎಲ್ಲಿ ಒಡ್ಡು ಒಡೆದಿದೆ, ಯಾವ ಕಾಲುವೆಯಲ್ಲಿ ಹೂಳು ತುಂಬಿದೆ, ಒಬ್ಬರು ಬರೆದುಕೊಳ್ಳಿ. ಗ್ರಾಮಸಭೆಗೆ ಆ ಪಟ್ಟಿ ತಗೊಂಡು ಹೋದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಹುಡುಗರನ್ನೂ ಕರೆದುಕೊಂಡು ಹೋಗಿ. ನಮ್ಮೂರ ಹುಡುಗರಿಗೆ ಬೆಂಗಳೂರಿನ ಬಸ್ ನಂಬರು ಗೊತ್ತು, ಊರಿನ ಹಳ್ಳ ಎಲ್ಲಿ ಹುಟ್ಟುತ್ತದೆ ಅಂತ ಗೊತ್ತಿಲ್ಲ.

ಈ ಮಾಗಿಯಲ್ಲಿ ಒಕ್ಕಣೆ ಮುಗಿದ ಮೇಲೆ ಒಂದು ಭಾನುವಾರ ಹೊರಟು ನೋಡಿ. ದಾರಿ ಬಿಡಿಸಿಕೊಂಡ ಊರುಗಳು ಬೇರೆಯೂ ಇರಬಹುದು. ಹೇಗೆ ಬಿಡಿಸಿಕೊಂಡಿರಿ, ಎಷ್ಟು ದಿನ ಹಿಡಿಯಿತು, ಎಷ್ಟು ಖರ್ಚಾಯಿತು ಅಂತ ಪತ್ರಿಕೆಗೆ ಬರೆಯಿರಿ. ನಮ್ಮ ಹಳ್ಳದ ಕಡೆಯ ಕಾಲುದಾರಿ ಇನ್ನೂ ಬಾಕಿ ಇದೆ. ಓದಿದರೆ ನಮಗೂ ದಾರಿ ಸಿಕ್ಕೀತು.